ಸುಲಿದ ಸಿಗಡಿ ಮತ್ತು ಬೆಳೆದ ಹಲ್ಲು: ಒಂದು ಪಫರ್ ಮೀನಿನ ಊಟದ ಪ್ರಕರಣ

ದೂರು ಒಂದೇ ಸಾಲಿನದು: ಮೀನು ಊಟ ಕೇಳುತ್ತದೆ, ಕೊಟ್ಟರೆ ಬಾಯಿಗೆ ಹಾಕಿಕೊಂಡು ಉಗಿಯುತ್ತದೆ.

ಮೀನು ಪೋರ್ಕ್ಯುಪೈನ್ ಪಫರ್. ವೈಜ್ಞಾನಿಕ ಹೆಸರು ಡಯೊಡಾನ್ ಹೊಲೊಕ್ಯಾಂಥಸ್. ಹೆದರಿದರೆ ನೀರು ನುಂಗಿ ದುಂಡಗೆ ಉಬ್ಬಿ, ಮೈಗೆ ಒರಗಿಕೊಂಡಿರುವ ಮುಳ್ಳುಗಳನ್ನು ನೆಟ್ಟಗೆ ನಿಲ್ಲಿಸುತ್ತದಲ್ಲ, ಆ ಜಾತಿ. ಉದ್ದ ಒಂದು ಗೇಣು. ಇದ್ದದ್ದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಮನೆಯ ಹಾಲ್‌ನಲ್ಲಿ, 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕಿನಲ್ಲಿ. ಲೆಕ್ಕಕ್ಕೆ 450 ಲೀಟರ್. ಕಲ್ಲು, ಮರಳು ಕಳೆದರೆ 400ರ ಆಸುಪಾಸು. ಜೊತೆಗೆ ಬೇರೆ ಮೀನಿಲ್ಲ. ಮನೆಯವರು ಇಟ್ಟ ಹೆಸರು ಗುಂಡಣ್ಣ.

ಗುಂಡಣ್ಣನನ್ನು ತಂದವನು ಮಗ. ಕೆಲಸಕ್ಕೆಂದು ಅವನು ಜರ್ಮನಿಗೆ ಹೋದ ಮೇಲೆ ಟ್ಯಾಂಕು ಅಪ್ಪ ಅಮ್ಮನ ಪಾಲಿಗೆ ಬಂತು. ಅಪ್ಪ ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕ ಬರೆದಿಡುವುದರಲ್ಲಿ ಪಕ್ಕಾ. ಅಮ್ಮನಿಗೆ ಮೀನಿನ ಮೇಲೆ ಮೊಮ್ಮಗನ ಮೇಲಿನಷ್ಟೇ ಅಕ್ಕರೆ. ಶುದ್ಧ ಸಸ್ಯಾಹಾರಿ ಮನೆ. ಮೀನಿನ ಆಹಾರಕ್ಕೆಂದೇ ಬಾಲ್ಕನಿಯಲ್ಲಿ ಒಂದು ಪುಟ್ಟ ಫ್ರೀಜರ್, ಒಂದು ಹಲಗೆ, ಒಂದು ಕತ್ತರಿ. ಅದ್ಯಾವುದೂ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ.

ಇಡೀ ಪ್ರಕರಣದ ಬೇರು ಅಲ್ಲೇ ಇತ್ತು ಅನ್ನುವುದು ನನ್ನ ತೀರ್ಮಾನ. ಸಸ್ಯಾಹಾರಿಗಳು ಮೀನು ಸಾಕಬಾರದು ಅಂತಲ್ಲ. ಮಾಂಸ ಮುಟ್ಟಲು ಹಿಂಜರಿಯುವವರು ಸಹಜವಾಗಿಯೇ ಆರಿಸಿಕೊಳ್ಳುವುದು ಅತ್ಯಂತ ಶುಚಿಯಾದ, ವಾಸನೆ ಕಮ್ಮಿ ಇರುವ, ತಲೆ, ಬಾಲ, ಸಿಪ್ಪೆ ಎಲ್ಲ ತೆಗೆದ ಪ್ಯಾಕೆಟ್ ಸಿಗಡಿಯನ್ನು. ಈ ಜಾತಿಗೆ ಮಾತ್ರ ಬೇಕಾದದ್ದು ನಾವು ಕಸದ ಬುಟ್ಟಿಗೆ ಹಾಕುವ ಆ ಸಿಪ್ಪೆಯೇ.

ಬಾಯಿ ಹೇಗಿತ್ತು

ಸಮುದ್ರದಲ್ಲಿ ಈ ಪಫರ್ ರಾತ್ರಿ ಹೊತ್ತಿನ ಬೇಟೆಗಾರ. ಶಂಖದ ಹುಳು, ಚಿಪ್ಪುಜೀವಿಗಳು, ಏಡಿ, ಸನ್ಯಾಸಿ ಏಡಿ, ಕಡಲ ಮುಳ್ಳುಜೀವಿ ಇವೇ ಅದರ ಊಟ. ಹಲ್ಲುಗಳು ಬಿಡಿಬಿಡಿಯಾಗಿಲ್ಲ, ಮೇಲ್ದವಡೆಗೊಂದು, ಕೆಳದವಡೆಗೊಂದು ಕೂಡಿಕೊಂಡ ಗಟ್ಟಿ ಕೊಕ್ಕು. ಅದರ ಹಿಂದೆ, ಬಾಯಿಯೊಳಗೆ, ಅರೆಯಲು ಪದರ ಪದರವಾಗಿ ಜೋಡಿಸಿದ ಪಟ್ಟಿಗಳೂ ಇವೆ. ಈ ಕೊಕ್ಕು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಚಿಪ್ಪು ಒಡೆದಾಗ ಸವೆಯುತ್ತದೆ, ಸವೆದಷ್ಟು ಮತ್ತೆ ಬರುತ್ತದೆ. ಮೆತ್ತಗಿನದನ್ನೇ ತಿನ್ನಿಸಿದರೆ ಬೆಳವಣಿಗೆ ನಿಲ್ಲುವುದಿಲ್ಲ, ಸವೆತ ಮಾತ್ರ ನಿಲ್ಲುತ್ತದೆ.

ಗುಂಡಣ್ಣನ ಕೊಕ್ಕು ತುಟಿಯಿಂದ ಆಚೆ ಬಂದು ನಿಂತಿತ್ತು. ಎದುರಿನಿಂದ ನೋಡಿದರೆ ನಗುತ್ತಿರುವ ಹಾಗೆ ಕಾಣುತ್ತಿತ್ತಂತೆ. ಅಮ್ಮ ಆ ಫೋಟೋವನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದರು. ಪಕ್ಕದಿಂದ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ ನಿಧಾನವಾಗಿ ಓಡಿಸಿದಾಗ ವಿಷಯ ಬಿಚ್ಚಿಕೊಂಡಿತು. ಸಿಗಡಿ ತುಂಡಿನ ಹತ್ತಿರ ಬರುತ್ತದೆ, ಕಣ್ಣು ಎರಡೂ ಮುಂದಕ್ಕೆ ಹೊರಳುತ್ತವೆ, ಬಾಯಿ ತೆರೆದು ಒಳಗೆಳೆಯುತ್ತದೆ. ಇಲ್ಲಿಯವರೆಗೆ ಸರಿ. ಬಾಯಿ ಮುಚ್ಚುವಾಗ ಕೆಳಗಿನ ಕೊಕ್ಕಿನ ತುದಿ ಮೇಲಿನದರ ಅಂಚಿಗೆ ಕೂರುವ ಬದಲು ಅದರ ಹೊರಗೆ ಜಾರುತ್ತದೆ. ಎಡಗಡೆ ಎರಡೂ ತಾಗುತ್ತವೆ, ಬಲಗಡೆ ಬೆಳಕು ಕಾಣುವಷ್ಟು ಸಂದು. ಆ ಸಂದಿನಿಂದ ಸಿಗಡಿ ಹಿಸುಕಿಕೊಂಡು ಹೊರಬರುತ್ತದೆ. ಮತ್ತೆ ಹಿಡಿಯುತ್ತದೆ, ಮತ್ತೆ ಜಾರುತ್ತದೆ. ಮೂರನೆಯ ಸಲಕ್ಕೆ ಗುಂಡಣ್ಣ ತಿರುಗಿ ಕಲ್ಲಿನ ಹಿಂದಕ್ಕೆ ಹೋಗುತ್ತಾನೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಲೇಬೇಕಿತ್ತು. ಪಫರ್ ಊಟ ಬಿಡಲು ಹಲವು ಕಾರಣಗಳಿವೆ. ನೀರು ಕೆಟ್ಟರೆ, ಪರೋಪಜೀವಿ ಹತ್ತಿದರೆ ಅದು ಊಟದ ಹತ್ತಿರವೇ ಸುಳಿಯುವುದಿಲ್ಲ. ಹಲ್ಲು ಬೆಳೆದರೆ ಹತ್ತಿರ ಬಂದು, ಹಿಡಿದು, ಬಿಡುತ್ತದೆ. ಇನ್ನೊಂದಿದೆ, ಪಫರ್ ಸಾಕುವವರು ಲಾಕ್‌ಜಾ ಅನ್ನುತ್ತಾರೆ: ಮೀನು ಬರುತ್ತದೆ, ನೋಡುತ್ತದೆ, ದವಡೆಯೇ ಅಲ್ಲಾಡುವುದಿಲ್ಲ. ಗುಂಡಣ್ಣನದು ಎರಡನೆಯದು ಅನ್ನುವುದು ಸ್ಪಷ್ಟ. ಆದರೆ ದವಡೆಯ ಚಲನೆ ನನಗೆ ಮಂದ ಅನ್ನಿಸಿತು. ಅಪ್ಪನ ಬಳಿ ಮೀನು ಬಂದ ಹೊಸದರಲ್ಲಿ ಮಗ ತೆಗೆದ ವೀಡಿಯೋ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆಗಿನ ಕಚ್ಚುವಿಕೆಯ ಚುರುಕು ಈಗ ಇರಲಿಲ್ಲ. ಮೂರನೆಯದರ ನೆರಳೂ ಇರಬಹುದೇ ಎಂಬ ಅನುಮಾನ ಹುಟ್ಟಿದ್ದು ಅಲ್ಲಿ.

ಏನು ತಿನ್ನಿಸುತ್ತಿದ್ದರು

ಅಪ್ಪ ಒಂದು ಹಳೆಯ ಡೈರಿ ತಂದು ಮುಂದಿಟ್ಟರು. ಸಿಗಡಿ ಪ್ಯಾಕೆಟ್ ಕೊಂಡ ತಾರೀಖು, ಬೆಲೆ, ಎಷ್ಟು ತುಂಡು ಕೊಟ್ಟದ್ದು, ಎಲ್ಲ ನೀಟಾಗಿ ಬರೆದಿತ್ತು. ಎರಡು ವರ್ಷದ ಉದ್ದಕ್ಕೂ ಒಂದೇ ಪದಾರ್ಥ. ಅಷ್ಟು ಒಳ್ಳೆಯ ದಾಖಲೆ ಇಲ್ಲದಿದ್ದರೆ ಕಾರಣ ಹುಡುಕುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಫ್ರೀಜರಿನಿಂದ ಒಂದು ಪ್ಯಾಕೆಟ್ ತರಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದೆ: ಸಿಗಡಿ, ನೀರು, ಉಪ್ಪು, ಐಎನ್‌ಎಸ್ 451. ಈ 451 ಅಂದರೆ ಟ್ರೈಫಾಸ್ಫೇಟ್, ಸಿಗಡಿ ನೀರು ಬಿಡದೆ ತುಂಬಿಕೊಂಡಂತೆ ಕಾಣಲು ಹಾಕುವಂಥದ್ದು. ಮನುಷ್ಯರ ಊಟಕ್ಕೆ ಅನುಮತಿ ಇರುವ ವಸ್ತುವೇ. ಆದರೆ ಟ್ಯಾಂಕಿನೊಳಗೆ ದಿನವೂ ಫಾಸ್ಫೇಟ್ ಸುರಿದರೆ ಪಾಚಿಗೆ ಗೊಬ್ಬರ ಹಾಕಿದಂತಾಯಿತು. ಗಾಜಿನ ಮೇಲೆ, ಕಲ್ಲಿನ ಮೇಲೆ ಕೂತಿದ್ದ ಕೆಂಪು ಪೊರೆಗೆ ಒಂದು ಕಾರಣ ಸಿಕ್ಕಿತು. ಸಿಗಡಿ ಕಪ್ಪಾಗದಿರಲು ಬಳಸುವ ಮೆಟಾಬೈಸಲ್ಫೈಟ್, ಐಎನ್‌ಎಸ್ 223, ಈ ಪ್ಯಾಕೆಟ್ಟಿನಲ್ಲಿ ಇರಲಿಲ್ಲ. ಪ್ಯಾಕೆಟ್ ಕೊಳ್ಳುವವರು ಅದನ್ನೂ ನೋಡಿಕೊಳ್ಳಬೇಕು.

ಪ್ರಮಾಣದ ಕತೆಯೇ ಬೇರೆ. ಡೈರಿಯಲ್ಲಿ ದಿನಕ್ಕೆ ಒಂದು ಹೊತ್ತು ಅಂತ ಇತ್ತು. ಅದು ಅಪ್ಪ ಕೊಡುತ್ತಿದ್ದದ್ದು, ವಾಕಿಂಗ್ ಮುಗಿಸಿ ಬಂದ ಮೇಲೆ. ಮಧ್ಯಾಹ್ನ ಅಮ್ಮ ಒಂದು ತುಂಡು ಹಾಕುತ್ತಿದ್ದರು. ಸಂಜೆ ವೀಡಿಯೋ ಕಾಲ್‌ನಲ್ಲಿ ಮಗನಿಗೆ ತೋರಿಸಲೆಂದು ಇನ್ನೊಂದು. ಇವೆರಡೂ ಡೈರಿಗೆ ಬಂದಿರಲಿಲ್ಲ.

“ಗಾಜಿಗೆ ಮೂತಿ ಒತ್ತಿ ನಿಂತುಬಿಡತ್ತೆ ಕಣಪ್ಪಾ. ಮೇಲೆ ಬಂದು ಪುಚ್ ಅಂತ ನೀರು ಉಗಿಯತ್ತೆ. ಹಸಿವಿಲ್ಲದೆ ಹಾಗೆ ಮಾಡತ್ತಾ?” ಅಂತ ಅಮ್ಮ ಕೇಳಿದರು.

“ಮಾಡತ್ತಮ್ಮಾ. ನೀವು ಕೊಡ್ತೀರಿ ಅಂತ ಗೊತ್ತಾಗಿದೆ ಅದಕ್ಕೆ.”

ಪಫರ್‌ಗಳು ಮನುಷ್ಯರ ಗುರುತು ಹಿಡಿಯುತ್ತವೆ, ಯಾರು ಬಂದರೆ ಊಟ ಬರುತ್ತದೆ ಅನ್ನುವುದನ್ನು ಬಹಳ ಬೇಗ ಕಲಿಯುತ್ತವೆ. ಬಾಯಿಂದ ನೀರು ಚಿಮ್ಮಿಸುವುದು ಮರಳಿನೊಳಗೆ ಹುದುಗಿದ ಬೇಟೆಯನ್ನು ಬಿಚ್ಚಿಡುವ ಅವುಗಳ ಹಳೆಯ ವಿದ್ಯೆ. ಟ್ಯಾಂಕಿನಲ್ಲಿ ಅದನ್ನು ನಮ್ಮ ಮೇಲೆ ಪ್ರಯೋಗಿಸುತ್ತವೆ. ಬೇಡುವಿಕೆಯನ್ನು ಹಸಿವಿನ ಅಳತೆಗೋಲು ಮಾಡಿಕೊಂಡರೆ ಯಾವ ಪಫರ್‌ಗೂ ಊಟ ಸಾಕಾಗುವುದಿಲ್ಲ. ಮರಿಗೆ ದಿನವೂ ಸ್ವಲ್ಪ ಸ್ವಲ್ಪ ಸರಿ. ಗುಂಡಣ್ಣನ ಗಾತ್ರಕ್ಕೆ ವಾರಕ್ಕೆ ಮೂರು ಅಥವಾ ನಾಲ್ಕು ಊಟ ಧಾರಾಳ. ಇದಕ್ಕೆ ದೇಹರಚನೆಯ ಕಾರಣವೂ ಇದೆ. ಪಫರ್‌ಗಳ ಜಠರ ನೀರು ತುಂಬಿ ಉಬ್ಬುವ ಚೀಲವಾಗಿ ಮಾರ್ಪಟ್ಟಿದೆ, ಜೀರ್ಣದ ಕೆಲಸ ಕರುಳಿನದು. ಒಂದರ ಮೇಲೊಂದು ತುಂಬುವುದರಿಂದ ಲಾಭವಿಲ್ಲ. ಉಳಿದದ್ದು ನೀರಿಗೆ ಹೋಗುತ್ತದೆ.

ನೀರು

ಇದನ್ನು ಬೇಗ ಮುಗಿಸುತ್ತೇನೆ, ಹೊಸದೇನೂ ಇಲ್ಲ. ಅಮೋನಿಯಾ, ನೈಟ್ರೈಟ್ ಸೊನ್ನೆ. ಮಿಕ್ಕ ಊಟ, ಮಲ ಕೊಳೆತು ಕೊನೆಗೆ ಉಳಿಯುವ ನೈಟ್ರೇಟ್ 80 ಪಿಪಿಎಂ ದಾಟಿತ್ತು. ಮೀನು ಮಾತ್ರ ಇರುವ ಟ್ಯಾಂಕಿನಲ್ಲೂ 40ರೊಳಗೆ ಇರಬೇಕು, 20ರೊಳಗಿದ್ದರೆ ಇನ್ನೂ ಒಳ್ಳೆಯದು. ಸಾಂದ್ರತೆ, ಅಂದರೆ ಉಪ್ಪಿನಂಶದ ಅಳತೆ, ರಿಫ್ರಾಕ್ಟೋಮೀಟರಿನಲ್ಲಿ 1.028, ಇರಬೇಕಾದದ್ದು 1.023ರಿಂದ 1.025. ಆವಿಯಾಗಿ ಇಳಿದ ಮಟ್ಟವನ್ನು ತುಂಬಲು ಉಪ್ಪುನೀರನ್ನೇ ಸುರಿಯುತ್ತಿದ್ದರು. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಆದ್ದರಿಂದ ಆರ್‌ಓ ನೀರು ಮಾತ್ರ ಸೇರಿಸಬೇಕು. ವಾರಕ್ಕೆ ಶೇ 15ರಂತೆ ನೀರು ಬದಲಿಸಿ, ಸಾಂದ್ರತೆಯನ್ನು ಹಲವು ದಿನಗಳಲ್ಲಿ ನಿಧಾನಕ್ಕೆ ಇಳಿಸಿದೆವು.

ಅಂಗಡಿಯೊಂದರಲ್ಲಿ ಮೀನು ಊಟ ಬಿಟ್ಟಿದೆ ಅಂದದ್ದಕ್ಕೆ ತಾಮ್ರ ಇರುವ ಔಷಧಿಯ ಬಾಟಲಿ ಕೊಟ್ಟಿದ್ದರು. ಅಪ್ಪ ಲೇಬಲ್ ಪೂರ್ತಿ ಓದದೆ ಯಾವುದನ್ನೂ ಮುಚ್ಚಳ ತೆಗೆಯುವವರಲ್ಲ, ಹಾಗಾಗಿ ಅದು ಒಡೆಯದೆ ಉಳಿದಿತ್ತು. ಸಾಮಾನ್ಯ ಮೀನಿನ ಹೊದಿಕೆಯಂಥ ಹುರುಪೆ ಪಫರ್‌ಗಳಿಗಿಲ್ಲ. ತಾಮ್ರದ ಔಷಧಿಯಲ್ಲಿ ಬಹಳ ಎಚ್ಚರ ಬೇಕು. ರೋಗವೇ ಇಲ್ಲದಾಗ ಹಾಕುವ ಮಾತಂತೂ ದೂರ.

ಅನುಮಾನ: ಬಿ1

ಹಸಿ ಸಿಗಡಿಯನ್ನೇ ವರ್ಷಗಟ್ಟಲೆ ತಿಂದ ಮೀನಿನಲ್ಲಿ ದವಡೆ ಮಂದವಾಗಿದೆ ಅಂದರೆ ಥಯಮಿನೇಸ್ ನೆನಪಾಗದಿರುವುದಿಲ್ಲ. ಇದು ವಿಟಮಿನ್ ಬಿ1, ಅಂದರೆ ಥಯಮಿನ್ ಅನ್ನು ಒಡೆದುಹಾಕುವ ಕಿಣ್ವ. ಹಲವು ಜಾತಿಯ ಸಿಗಡಿ, ಚಿಪ್ಪುಜೀವಿ, ಬೂತಾಯಿ (ಸಾರ್ಡೀನ್) ಬಳಗದ ಕೆಲವು ಮೀನು, ಗೋಲ್ಡ್‌ಫಿಷ್ ಮತ್ತು ಅದರ ಕಾರ್ಪ್ ನೆಂಟರಲ್ಲಿ ಇದು ಇದೆ. ಬೇಯಿಸಿದರೆ ನಾಶವಾಗುತ್ತದೆ, ಫ್ರೀಜ್ ಮಾಡಿದರೆ ಆಗುವುದಿಲ್ಲ. ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಟ್ಟ ಸಿಗಡಿಯಲ್ಲಿ ಇದ್ದಬದ್ದ ಬಿ1 ಕೂಡ ಕರಗುತ್ತಾ ಹೋಗುತ್ತದೆ.

ಇದು ಮೊದಲು ಗಮನಕ್ಕೆ ಬಂದದ್ದು ಮೀನಿನಲ್ಲಲ್ಲ, ನರಿಯಲ್ಲಿ. 1932ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಚಾಸ್ಟೆಕ್ ಎಂಬವರ ಸಾಕಣೆ ಕೇಂದ್ರದಲ್ಲಿ ಹಸಿ ಕಾರ್ಪ್ ಮೀನು ತಿಂದ ನರಿಗಳಿಗೆ ಪಾರ್ಶ್ವವಾಯು ಬಡಿಯಿತು. ರೋಗಕ್ಕೆ ಇಂದಿಗೂ ಅವರ ಹೆಸರೇ ಇದೆ. ಮೃಗಾಲಯಗಳಲ್ಲಿ ಸೀಲ್‌ಗಳಿಗೆ ಫ್ರೀಜರಿನ ಮೀನು ಕೊಡುವಾಗ ಕಿವಿರಿನೊಳಗೆ ಬಿ1 ಮಾತ್ರೆ ತುರುಕುವ ಪದ್ಧತಿ ಇರುವುದೂ ಇದಕ್ಕೇ. ಕಿಲೋ ಆಹಾರಕ್ಕೆ 25ರಿಂದ 35 ಮಿಲಿಗ್ರಾಂ ಅವರ ಅಂದಾಜು.

ಪಫರ್‌ಗಳ ಲಾಕ್‌ಜಾಗೆ ಇದೇ ಕಾರಣ ಎಂದು ಸಾಕುವವರಲ್ಲಿ ಬಲವಾದ ನಂಬಿಕೆ ಇದೆ. ಗುಂಡಣ್ಣನ ರಕ್ತ ಪರೀಕ್ಷೆ ನಡೆಯಲಿಲ್ಲ, ಆದ್ದರಿಂದ ನಾನಿದನ್ನು ರೋಗನಿರ್ಣಯ ಅನ್ನುವುದಿಲ್ಲ. ಆದರೆ ಬಿ1 ಅಗ್ಗ, ನೀರಿನಲ್ಲಿ ಕರಗುವಂಥದ್ದು, ಹೆಚ್ಚಾದರೂ ಹಾನಿಯ ಭಯ ಕಮ್ಮಿ. ಇಂಥ ಕಡೆ ಅನುಮಾನವೇ ಸಾಕು.

ಮೆಡಿಕಲ್ ಶಾಪಿನಲ್ಲಿ ಸಿಗುವ ಬರೀ ಥಯಮಿನ್‌ನ 100 ಮಿಲಿಗ್ರಾಂ ಮಾತ್ರೆ ತರಿಸಿದೆವು. ಬಣ್ಣದ ಲೇಪನದ ಬಿ ಕಾಂಪ್ಲೆಕ್ಸ್ ಬೇಡ ಅಂದೆ. ಗುಂಡಣ್ಣ ವಾರಕ್ಕೆ ತಿನ್ನುವುದು 100 ಗ್ರಾಂ ಕೂಡ ಆಗುವುದಿಲ್ಲ, ಲೆಕ್ಕದ ಪ್ರಕಾರ 3 ಮಿಲಿಗ್ರಾಂ ಸಾಕು. ನೀರಿನಲ್ಲಿ ಸೋರಿಹೋಗುವ ಪಾಲನ್ನೂ ಸೇರಿಸಿ 10 ಮಿಲಿಗ್ರಾಂ ಎಂದು ಇಟ್ಟುಕೊಂಡೆವು. ಮಾತ್ರೆಯನ್ನು ಪುಡಿ ಮಾಡಿ, ಕಾಗದದ ಮೇಲೆ ಹತ್ತು ಪಾಲು ಮಾಡುವ ಕೆಲಸ ಅಪ್ಪನದು. ಬೊಂಡಾಸಿನ (ಸ್ಕ್ವಿಡ್) ತುಂಡಿಗೆ ಬ್ಲೇಡಿನಲ್ಲಿ ಸಣ್ಣ ಗೀರು ಹಾಕಿ, ಒಂದು ಪಾಲು ಒಳಗೆ ಒತ್ತಿ, ಹತ್ತು ನಿಮಿಷ ತಟ್ಟೆಯಲ್ಲೇ ಬಿಟ್ಟು ಆಮೇಲೆ ನೀರಿಗೆ.

ಹಲ್ಲು ಸವರಿದ್ದು

ಈ ಭಾಗವನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿದೆ, ಯಾಕೆಂದರೆ ಓದಿದವರು ಮನೆಯಲ್ಲಿ ಮಾಡಿನೋಡುವ ಅಪಾಯವಿದೆ. ಮೀನಿನ ಅರಿವಳಿಕೆ ತಿಳಿದ ಪಶುವೈದ್ಯರಿಲ್ಲದೆ ಇದಕ್ಕೆ ಕೈಹಾಕಬಾರದು. ಇಲ್ಲಿ ಮಾಡಿದ್ದು ವೈದ್ಯರು, ನಾನು ನೀರು ಮತ್ತು ಗಾಳಿ ನೋಡಿಕೊಂಡೆ.

ಮೊದಲ ನಿಯಮ, ಪಫರ್ ಅನ್ನು ಬಲೆಯಲ್ಲಿ ಎತ್ತುವಂತಿಲ್ಲ. ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ಗಾಬರಿಯಲ್ಲಿ ನೀರಿನ ಬದಲು ಗಾಳಿ ನುಂಗಿ ಉಬ್ಬಿದರೆ ಹೊರಹಾಕಲು ಒದ್ದಾಡುತ್ತದೆ, ಸತ್ತೂ ಹೋಗಬಹುದು. ಪ್ಲಾಸ್ಟಿಕ್ ಡಬ್ಬಿಯೊಳಗೆ ನೀರಿನ ಸಮೇತ ಸೇರಿಸಿಕೊಂಡು, ಅದೇ ಟ್ಯಾಂಕಿನ ನೀರು ತುಂಬಿದ ತೊಟ್ಟಿಗೆ ಇಳಿಸಿದೆವು. ಅರಿವಳಿಕೆಗೆ ಲವಂಗದ ಎಣ್ಣೆ. ಅದರಲ್ಲಿರುವ ಯೂಜಿನಾಲ್ ಮೀನುಗಳಿಗೆ ಮಂಪರು ತರಿಸುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಾದ್ದರಿಂದ ವೈದ್ಯರು ಚಿಕ್ಕ ಬಾಟಲಿಯಲ್ಲಿ ನೀರಿನೊಂದಿಗೆ ಹಾಲಿನ ಬಣ್ಣ ಬರುವವರೆಗೆ ಕುಲುಕಿ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋದರು. ಗುಂಡಣ್ಣ ಮೊದಲು ಓಲಾಡಿದ, ಆಮೇಲೆ ಪಕ್ಕಕ್ಕೆ ವಾಲಿದ. ಮುಟ್ಟಿದರೆ ಮಿಸುಕಲಿಲ್ಲ, ಕಿವಿರು ಮಾತ್ರ ನಿಧಾನಕ್ಕೆ ಆಡುತ್ತಿತ್ತು. ಅಲ್ಲಿಗೆ ನಿಲ್ಲಿಸಬೇಕು. ಇಡೀ ಹಾಲ್‌ನಲ್ಲಿ ಹಲ್ಲುನೋವಿನ ಔಷಧಿಯ ವಾಸನೆ.

ಸಣ್ಣ ಪಫರ್‌ಗಳಿಗೆ ಉಗುರಿನ ಅಂಚು ಕತ್ತರಿಸುವ ಕಟರ್ ಸಾಕಾಗುತ್ತದೆ. ಪೋರ್ಕ್ಯುಪೈನ್‌ನ ಕೊಕ್ಕು ದಪ್ಪ, ಕತ್ತರಿಸಹೋದರೆ ಸೀಳುತ್ತದೆ. ಆದ್ದರಿಂದ ತಿರುಗುವ ಪುಟ್ಟ ಉಜ್ಜುಚಕ್ರ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಣ್ಣು ಮುಚ್ಚಿ, ಕಿವಿರಿನ ಮೇಲೆ ನೀರು ಬಿಡುತ್ತಾ, ಕೆಲವೇ ಸೆಕೆಂಡು ಉಜ್ಜಿ ಮತ್ತೆ ನೀರಿಗೆ. ಕೆಳಗಿನ ಕೊಕ್ಕಿನ ಎಡಭಾಗವನ್ನೇ ಹೆಚ್ಚು ತೆಗೆದರು. ಪೂರ್ತಿ ಸಮ ಮಾಡಲಿಲ್ಲ. “ಉಳಿದದ್ದನ್ನು ಅದೇ ಸವೆಸಿಕೊಳ್ಳಲಿ, ಜಾಸ್ತಿ ತೆಗೆದರೆ ಜೀವ ಇರುವ ಭಾಗ ಸಿಗತ್ತೆ” ಅಂದರು. ಗಾಳಿ ಬಿಟ್ಟ ಹೊಸ ನೀರಿನಲ್ಲಿ ಕೆಲವು ನಿಮಿಷದಲ್ಲೇ ಎಚ್ಚರಾದ. ಅಮ್ಮ ಅಷ್ಟು ಹೊತ್ತೂ ದೇವರ ಮನೆಯಿಂದ ಈಚೆ ಬರಲಿಲ್ಲ.

ಹೊಸ ಊಟ

ಒಂದೆರಡು ದಿನ ಏನೂ ಮುಟ್ಟಲಿಲ್ಲ, ಅದು ನಿರೀಕ್ಷಿತ. ಆಮೇಲೆ ಬಿ1 ತುಂಬಿದ ಬೊಂಡಾಸಿನ ಎಳೆ ತುಂಡನ್ನು ಚಿಮಟದಲ್ಲಿ ಹಿಡಿದು ಅಲ್ಲಾಡಿಸಿದಾಗ ಹಿಡಿದ, ನುಂಗಿದ. ಅಲ್ಲಿಂದ ಗಟ್ಟಿ ಆಹಾರಕ್ಕೆ ದಾಟಿಸಲು ಹಲವು ವಾರ ಹಿಡಿಯಿತು. ಎರಡು ವರ್ಷ ಸುಲಿದದ್ದನ್ನೇ ತಿಂದವನಿಗೆ ಮುಚ್ಚಿದ ಚಿಪ್ಪು ಊಟ ಅಂತ ಅನ್ನಿಸಲೇ ಇಲ್ಲ. ಮರಳಿನ ಮೇಲೆ ಬಿದ್ದಿದ್ದ ಬಳಚಿನ ಸುತ್ತ ಒಂದು ಸುತ್ತು ಹಾಕಿ ಹೋದ.

ಬಳಚು ಅಂದರೆ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಜನ ಕೈಯಲ್ಲೇ ಬಗೆದು ತೆಗೆಯುವ ಚಿಪ್ಪಿಕಲ್ಲು, ಮಂಗಳೂರಿನವರಿಗೆ ಮರುವಾಯಿ. ಪಫರ್‌ಗೆ ಇದಕ್ಕಿಂತ ಒಳ್ಳೆಯ ದಿನಸಿ ನನಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ದಿನವೂ ಸಿಗುವುದಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ, ಕರಾವಳಿಯವರು ನಡೆಸುವ ಮೀನಂಗಡಿಗಳಲ್ಲಿ ಹೇಳಿಟ್ಟರೆ ತರಿಸಿಕೊಡುತ್ತಾರೆ. ಅಪ್ಪ ಮೊದಲ ಸಲ ಹೋದಾಗ ಅಂಗಡಿಯವರು ಮರುವಾಯಿಯ ಅಡುಗೆಗಳ ಹೆಸರು ಹೇಳಿ “ಸುಕ್ಕಕ್ಕಾ, ಪುಂಡಿಗಾ ಸರ್?” ಅಂತ ಕೇಳಿದರಂತೆ. ಅಪ್ಪ “ಗುಂಡಣ್ಣನಿಗೆ” ಅಂದುಬಿಟ್ಟರಂತೆ.

ದಾಟಿಸಿದ ಕ್ರಮ ಹೀಗೆ. ಮೊದಲು ಬಳಚನ್ನು ಅರ್ಧ ತೆರೆದು, ಮಾಂಸ ಕಾಣುವಂತೆ ಚಿಪ್ಪಿನಲ್ಲೇ ಇಟ್ಟು ಕೊಟ್ಟೆವು. ಮಾಂಸ ಕಿತ್ತುಕೊಂಡು ಚಿಪ್ಪು ಬಿಟ್ಟ. ಆಮೇಲೆ ಬಿರುಕು ಬಿಡುವಷ್ಟು ಮಾತ್ರ ಒಡೆದು ಕೊಟ್ಟಾಗ ಒಳಗಿನ ವಾಸನೆ ಬಂದು ಕಚ್ಚತೊಡಗಿದ. ಕೊನೆಗೆ ಇಡಿಯದು. ಮೊದಲ ಇಡೀ ಬಳಚು ಒಡೆದದ್ದು ಅಪ್ಪ ಪೇಪರ್ ಓದುತ್ತಾ ಕೂತಿದ್ದಾಗ; ಗಾಜಿನ ಆಚೆಯಿಂದ ಟಕ್ ಅನ್ನುವ ಸದ್ದು ಕೇಳಿ ಟ್ಯಾಂಕ್ ಬಿರುಕು ಬಿಟ್ಟಿತು ಅಂದುಕೊಂಡು ಎದ್ದು ಓಡಿದರಂತೆ. ಸಣ್ಣ ಚಿಪ್ಪಿನ ಚೂರುಗಳು ಕಿವಿರಿನ ತೂತಿನಿಂದ, ಬಾಯಿಂದ ಹೊರಗೆ ಉದುರುತ್ತವೆ; ಅದು ಸಹಜ, ಗಂಟಲಿಗೆ ಸಿಕ್ಕಿತೆಂದು ಹೆದರಬೇಕಿಲ್ಲ.

ಈಗಿನ ಪದ್ಧತಿಯಲ್ಲಿ ವಾರಕ್ಕೆ ನಾಲ್ಕು ಊಟ. ಎರಡು ದಿನ ಬಳಚು ಅಥವಾ ಚಿಪ್ಪಿನ ಸಮೇತ ನೀಲಿಕಲ್ಲು (ಮಸಲ್), ಒಂದು ದಿನ ಏಡಿಯ ಕಾಲು ಅಥವಾ ತಲೆ, ಸಿಪ್ಪೆ ಎಲ್ಲ ಇರುವ ಸಿಗಡಿ, ಇನ್ನೊಂದು ದಿನ ಬಿ1 ಜೊತೆ ಬೊಂಡಾಸು. ಒಮ್ಮೊಮ್ಮೆ ಬಿಳಿ ಮಾಂಸದ ಮೀನಿನ ಚೂರು. ಒಂದು ಹೊತ್ತಿಗೆ ಎರಡು ಮಧ್ಯಮ ಗಾತ್ರದ ಬಳಚು ಸಾಕು. ಅಳತೆ ತಕ್ಕಡಿಯಲ್ಲಿಲ್ಲ, ಹೊಟ್ಟೆಯಲ್ಲಿದೆ: ಪಕ್ಕದಿಂದ ನೋಡಿದಾಗ ಹೊಟ್ಟೆ ತುಸು ದುಂಡಗಾದರೆ ನಿಲ್ಲಿಸಬೇಕು, ಊಟಕ್ಕೆ ಮುಂಚೆಯೇ ಒಳಕ್ಕೆ ಹೋಗಿದ್ದರೆ ಕಮ್ಮಿಯಾಗುತ್ತಿದೆ ಎಂದರ್ಥ. ಊಟದ ಹೊತ್ತು ಸಂಜೆಗೆ ಬದಲಾಯಿತು, ಟ್ಯಾಂಕಿನ ದೀಪ ಮಂಕಾಗುವ ಸಮಯಕ್ಕೆ. ಅದು ಮೀನಿನ ಸ್ವಭಾವಕ್ಕೂ ಸರಿ, ಜರ್ಮನಿಯ ವೀಡಿಯೋ ಕಾಲ್‌ಗೂ ಸರಿ.

ಬಳಚಿನಲ್ಲೂ ಥಯಮಿನೇಸ್ ಇರಬಹುದು ಅನ್ನುವುದನ್ನು ಮರೆಯಬಾರದು. ಚಿಪ್ಪು ಹಲ್ಲಿನ ಸಮಸ್ಯೆಗೆ ಮದ್ದು, ವಿಟಮಿನ್ನಿನ ಸಮಸ್ಯೆಗಲ್ಲ. ಅದಕ್ಕೇ ಬಗೆಬಗೆಯ ಆಹಾರ, ಅದಕ್ಕೇ ಮಾತ್ರೆ.

ತಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಒಂದು ಊಟಕ್ಕಾಗುವಷ್ಟನ್ನು ಒಂದೊಂದು ಜಿಪ್ ಕವರಿಗೆ ಹಾಕಿ, ಮೇಲೆ ತಾರೀಖು ಬರೆದು ಫ್ರೀಜರಿಗೆ. ಎರಡು ತಿಂಗಳು ಮೀರಿದ್ದನ್ನು ಬಳಸುವುದಿಲ್ಲ. 2018ರಲ್ಲಿ ಕೇರಳ, ಗೋವಾಗಳಲ್ಲಿ ಮೀನಿಗೆ ಫಾರ್ಮಾಲಿನ್ ಹಾಕುವ ವಿಷಯ ದೊಡ್ಡ ಸುದ್ದಿಯಾಗಿತ್ತಲ್ಲ, ಅಪ್ಪ ಅದನ್ನು ಮರೆತಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಪರೀಕ್ಷಾ ಪಟ್ಟಿಯ ಬಗ್ಗೆ ಎಲ್ಲೋ ಓದಿ ನನ್ನನ್ನೂ ಕೇಳಿದರು. ಜೀವಂತ ಬಳಚಿಗೆ ಅದರ ಅಗತ್ಯವಿಲ್ಲ; ತಟ್ಟಿದರೆ ಬಾಯಿ ಮುಚ್ಚಿಕೊಳ್ಳುವುದೇ ಪರೀಕ್ಷೆ. ಮುಚ್ಚದಿದ್ದರೆ ಎಸೆಯುವುದು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಬೊಂಡಾಸು, ಸಮುದ್ರದ ಸಿಗಡಿ ದುಬಾರಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಜೂನ್ ಕೊನೆಯ ಹೊತ್ತಿಗೆ ಆ ಕಡೆಯ ಮಾಲು ಬೆಂಗಳೂರಿಗೆ ಬರತೊಡಗುತ್ತದೆ. ಮೇ ತಿಂಗಳಲ್ಲೇ ತಂದು ತುಂಬಿಸಿಡುವ ಅಂತ ಅಪ್ಪನ ಸಲಹೆ. ಬೇಡ ಅಂದೆ, ಆ ಎರಡು ತಿಂಗಳು ಕೆರೆಯಲ್ಲಿ ಸಾಕಿದ ಸಿಗಡಿಯನ್ನು ತಲೆ, ಸಿಪ್ಪೆ ಸಮೇತ ಕೊಟ್ಟರೆ ನಡೆಯುತ್ತದೆ.

ಕೆಲವು ಸಲಹೆಗಳನ್ನು ತಳ್ಳಿಹಾಕಬೇಕಾಯಿತು. ಫೀಡರ್ ಎಂದು ಮಾರುವ ಚಿಕ್ಕ ಗೋಲ್ಡ್‌ಫಿಷ್ ಬೇಡ: ಥಯಮಿನೇಸ್ ಇದೆ, ಸಿಹಿನೀರಿನ ಮೀನಿನ ಕೊಬ್ಬು ಕಡಲ ಮೀನಿಗೆ ಹೊಂದುವುದಿಲ್ಲ, ರೋಗ ಹೊತ್ತು ತರುವ ಸಾಧ್ಯತೆ ಬೇರೆ. ಪಕ್ಕದ ಮನೆಯವರ ಸಲಹೆ ಇನ್ನೂ ಸ್ವಾರಸ್ಯ. ಮಳೆ ಬಿದ್ದಾಗ ಕಾಂಪೌಂಡಿನ ಮೇಲೆಲ್ಲ ಹರಿದಾಡುವ ಆಫ್ರಿಕನ್ ಬಸವನಹುಳು ಪುಕ್ಕಟೆ, ಚಿಪ್ಪೂ ಇದೆ, ಅದನ್ನೇ ಹಾಕಿ ಅಂದರು. ತೋಟದವರು ಅದನ್ನು ಕೊಲ್ಲಲು ಮೆಟಾಲ್ಡಿಹೈಡ್ ಗುಳಿಗೆ ಇಡುತ್ತಾರೆ, ತಾಮ್ರದ ಸಿಂಪಡಣೆಯೂ ಉಂಟು. ಅಂಥ ಹುಳು ಟ್ಯಾಂಕಿಗೆ ಬೀಳುವುದೇ ಬೇಡ.

ಅಮ್ಮನ ಪ್ರಶ್ನೆ ಬೇರೆ: ಇದು ವಿಷದ ಮೀನಂತಲ್ಲ, ನೀರಿಗೆ ಕೈ ಹಾಕಬಹುದಾ? ಪಫರ್ ಬಳಗದ ವಿಷ ಟೆಟ್ರೊಡೊಟಾಕ್ಸಿನ್ ತಿಂದರೆ ಮಾರಕ, ಮುಟ್ಟಿದರೆ ಹತ್ತುವಂಥದ್ದಲ್ಲ. ಅದು ಹುಟ್ಟುವುದು ಬ್ಯಾಕ್ಟೀರಿಯಾದಿಂದ, ಮೀನಿಗೆ ಬರುವುದು ತಿನ್ನುವ ಆಹಾರದ ಮೂಲಕ. ಜಪಾನಿನಲ್ಲಿ ವಿಷವಿಲ್ಲದ ಆಹಾರ ಹಾಕಿ ಸಾಕಿದ ಪಫರ್‌ಗಳಲ್ಲಿ ವಿಷ ಕಂಡುಬಂದಿಲ್ಲ. ಗುಂಡಣ್ಣನಿಂದ ಕಾಯ್ದುಕೊಳ್ಳಬೇಕಾದದ್ದು ಬೆರಳನ್ನು. ಬಳಚು ಒಡೆಯುವ ಬಾಯಿಗೆ ಬೆರಳು ಲೆಕ್ಕಕ್ಕಿಲ್ಲ. ಅದಕ್ಕೇ ಉದ್ದನೆಯ ಚಿಮಟ.

ಫಲಿತಾಂಶ, ಮತ್ತು ಉಳಿದ ಪ್ರಶ್ನೆ

ನೈಟ್ರೇಟ್ ಎರಡು ತಿಂಗಳಲ್ಲಿ 30ರ ಆಸುಪಾಸಿಗೆ ಇಳಿಯಿತು. ಅದರಲ್ಲಿ ನೀರು ಬದಲಿಸಿದ್ದಕ್ಕಿಂತ ಮಧ್ಯಾಹ್ನದ ತುಂಡು ನಿಂತದ್ದರ ಪಾಲೇ ದೊಡ್ಡದು ಅಂತ ನನ್ನ ಲೆಕ್ಕ. ಕೆಂಪು ಪೊರೆ ಮೂಲೆಗಳಲ್ಲಿ ಮಾತ್ರ ಉಳಿದಿದೆ. ಗುಂಡಣ್ಣನ ಬೆನ್ನಿನ ಮೇಲೆ, ತಲೆಯ ಹಿಂದೆ ಬಿದ್ದಿದ್ದ ಗುಳಿ ತುಂಬಿಕೊಂಡಿದೆ. ಕಚ್ಚುವಿಕೆ ಚುರುಕಾಗಿದೆ, ಹಳೆಯ ವೀಡಿಯೋದಷ್ಟೇ.

ಆ ಚುರುಕು ಬಿ1ನಿಂದ ಬಂತೋ, ಹಲ್ಲು ಸವರಿದ್ದರಿಂದಲೋ, ನೀರು ಸರಿಯಾದದ್ದರಿಂದಲೋ ಹೇಳುವುದು ಆಗುವುದಿಲ್ಲ. ಮೂರನ್ನೂ ಒಟ್ಟಿಗೆ ಮಾಡಿದೆವು. ಒಂದೊಂದಾಗಿ ಮಾಡಿದ್ದರೆ ಕಾರಣ ಗೊತ್ತಾಗುತ್ತಿತ್ತು, ಆದರೆ ಊಟವಿಲ್ಲದ ಮೀನಿನ ಮೇಲೆ ಅಂಥ ಪ್ರಯೋಗ ಮಾಡುವ ಪರವಾಗಿ ನಾನಿಲ್ಲ. ಬಲಗಡೆಯ ಸಂದು ಪೂರ್ತಿ ಮುಚ್ಚಿಲ್ಲ. ಪ್ರತಿ ತಿಂಗಳ ಮೊದಲ ವಾರ ಅಪ್ಪ ಒಂದೇ ಕೋನದಿಂದ ಬಾಯಿಯ ಫೋಟೋ ತೆಗೆದು ವೈದ್ಯರಿಗೆ ಕಳಿಸುತ್ತಾರೆ. ಕೊಕ್ಕು ತುಟಿ ದಾಟಿ ಮತ್ತೆ ಮುಂದಕ್ಕೆ ಬಂದರೆ ಇನ್ನೊಮ್ಮೆ ಸವರಬೇಕಾದೀತು.

ಚಿಪ್ಪುಗಳ ವಿಲೇವಾರಿಯೂ ಬಗೆಹರಿದಿದೆ. ಊಟವಾದ ಅರ್ಧ ಗಂಟೆಯೊಳಗೆ ಚೂರುಗಳನ್ನೆಲ್ಲ ಹೊರಗೆ ತೆಗೆಯುತ್ತಾರೆ, ಅಂಟಿಕೊಂಡ ಮಾಂಸ ಕೊಳೆಯದಿರಲಿ ಎಂದು. ಉಪ್ಪು ಹೋಗುವವರೆಗೆ ತೊಳೆದು, ಒಣಗಿಸಿ, ಕುಟ್ಟಿದ್ದು ತಾರಸಿಯ ಗುಲಾಬಿ ಕುಂಡಗಳಿಗೆ ಹೋಗುತ್ತದೆ.

ಬರುವ ಬೇಸಿಗೆಯಲ್ಲಿ ಇಬ್ಬರೂ ಮಗನ ಮನೆಗೆ ಹೋಗುವವರಿದ್ದಾರೆ. ಗುಂಡಣ್ಣನನ್ನು ನೋಡಿಕೊಳ್ಳುವುದು ಬಸವನಹುಳು ತಿನ್ನಿಸಲು ಹೇಳಿದ ಅದೇ ಪಕ್ಕದ ಮನೆಯವರು. ಅವರಿಗೆಂದು ಅಪ್ಪ ಫ್ರೀಜರಿನಲ್ಲಿ ದಿನದ ಹೆಸರು ಬರೆದ ಕವರುಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ, ಊಟವಿಲ್ಲದ ದಿನಕ್ಕೂ ಒಂದು ಖಾಲಿ ಕವರ್. ಅದರ ಮೇಲೆ ಬರೆದಿರುವುದು: “ಕೇಳುತ್ತಾನೆ, ಕೊಡಬೇಡಿ.”